ಮಾನ್ವಿ ಬೀಚು

ಮಾನ್ವಿಯಿಂದ ಸಮುದ್ರಕ್ಕೆ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ಊರಿನವರು ಮೊದಲು ಕೇಳಿದವನ ಮುಖ ನೋಡುತ್ತಾರೆ, ಆಮೇಲೆ ಬಸ್ ಸ್ಟ್ಯಾಂಡಿನ ಕಡೆ ಕೈ ತೋರಿಸುತ್ತಾರೆ. ಅಂಥ ಊರಿಗೆ ಒಂದು ದಿನ ಕಡಲತೀರ ರಕ್ಷಕರ ಹುದ್ದೆಯೊಂದು ಮಂಜೂರಾಗಿ ಬಂತು. ಯಾರೂ ಕೇಳಿರಲಿಲ್ಲ, ಅದಕ್ಕಾಗಿ ಧರಣಿ ಕೂತಿರಲಿಲ್ಲ. ಎಲ್ಲೋ ಮೇಲೆ ಕೂತ ಪುಣ್ಯಾತ್ಮರು ಜಿಲ್ಲೆಗೊಂದು ಎಂದು ಹಂಚಿಬಿಟ್ಟಿದ್ದರು. ಸಮುದ್ರ ಇದ್ದ ಜಿಲ್ಲೆ, ಇಲ್ಲದ ಜಿಲ್ಲೆ ಎಂದು ಭೇದ ಮಾಡದ ದೊಡ್ಡ ಮನಸ್ಸು ಅವರದು. ರಾಯಚೂರಿನ ಕಚೇರಿಯವರೂ ಜಾಣರೇ. ಬಂದದ್ದನ್ನು ಬೇಡ ಎಂದರೆ ನಾಳೆ ಬೇಕಾದದ್ದೂ ಬರುವುದಿಲ್ಲ ಎಂದುಕೊಂಡು ತೆಪ್ಪಗೆ ಇಟ್ಟುಕೊಂಡರು.

ಹುದ್ದೆ ಬಂದ ಮೇಲೆ ಅದಕ್ಕೊಂದು ಬೀಚು ಬೇಕಲ್ಲ. ರಾಯಚೂರು ನಗರದಲ್ಲಿ ಖಾಲಿ ಜಾಗ ಸಿಗಲಿಲ್ಲ. ದೇವದುರ್ಗದಲ್ಲಿ ಸಿಕ್ಕ ಜಾಗದ ಮೇಲೆ ಅಣ್ಣತಮ್ಮಂದಿರ ದಾವೆ ನಡೆದಿತ್ತು. ಕೊನೆಗೆ ಮಾನ್ವಿಯ ಹೊರಗೆ, ಸಿರವಾರದ ರಸ್ತೆಯ ಪಕ್ಕ, ಕಾಲುವೆ ಏರಿಯ ಕೆಳಗಿದ್ದ ಸರ್ಕಾರಿ ಚೌಳು ನೆಲವೇ ಗಟ್ಟಿಯಾಯಿತು. ಅಲ್ಲಿ ಟಿಪ್ಪರುಗಟ್ಟಲೆ ಮರಳು ತಂದು ಸುರಿದರು. ಕೆಂಪು ಹಳದಿ ಬಾವುಟ ಎರಡು ನೆಟ್ಟು, ಇವುಗಳ ನಡುವೆ ಮಾತ್ರ ಈಜಬೇಕು ಎಂದು ಬೋರ್ಡು ಹಾಕಿದರು. ಆಳೆತ್ತರಕ್ಕೂ ಮೇಲೆ, ಏಣಿ ಹತ್ತಿ ಕೂರುವಂಥ ಬಿಳಿ ಕುರ್ಚಿಯೊಂದನ್ನು ನಿಲ್ಲಿಸಿದರು. ಕುರ್ಚಿಯ ಮುಖ ಪಶ್ಚಿಮಕ್ಕೆ, ಏಕೆಂದರೆ ಸಮುದ್ರ ಇರುವುದು ಆ ಕಡೆ. ಕಾಲುವೆ ಬೆನ್ನ ಹಿಂದೆ ಬಿತ್ತು.

ಕೆಲಸಕ್ಕೆ ಸೇರಿದ ದಿನವೇ ವಿಶಾಖಾ ಈ ಮಾತನ್ನು ಕಚೇರಿಯ ನೇತ್ರಾವತಿ ಮೇಡಂ ಹತ್ತಿರ ಎತ್ತಿದ್ದಳು.

"ಮೇಡಂ, ನೀರು ಇರೋದು ಹಿಂದ ಕಾಲುವಿಯಾಗ. ಕುರ್ಚಿ ಆ ಕಡಿ ತಿರುವಿದ್ರ ಹೆಂಗ್ರಿ?"

"ಕಾಲುವಿ ಬ್ಯಾರೆ ಇಲಾಖೆದ್ದವಾ," ಎಂದರು ಮೇಡಂ ಸಮಾಧಾನದಿಂದ. "ಅದ್ರಾಗ ಮುಳುಗೋರು ನಮ್ಮ ವ್ಯಾಪ್ತಿಗೆ ಬರಂಗಿಲ್ಲ. ನಮ್ದು ಏನಿದ್ರೂ ಸಮುದ್ರ."

ನೇತ್ರಾವತಿ ಮೇಡಂ ಕೆಟ್ಟವರಲ್ಲ. ಕೊಟ್ಟ ಕೆಲಸವನ್ನು ಕೊಟ್ಟ ಹಾಗೆಯೇ ಮಾಡುವವರು, ಅಷ್ಟೆ.

ವಿಶಾಖಾಳಿಗೆ ಈಜು ಬಂದದ್ದು ಕಲ್ಲು ಒಡೆದು ಬಿಟ್ಟ ಹೊಂಡದಲ್ಲಿ, ಸೊಂಟಕ್ಕೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು. ಅಪ್ಪ ಮಲ್ಲಯ್ಯ ಸಿರವಾರದ ಸಂತೆಯಲ್ಲಿ ಭತ್ತದ ಚೀಲ ಹೊರುವ ಹಮಾಲ. ಅವ್ವ ವೆಂಕಮ್ಮ ರೈಸ್ ಮಿಲ್ಲಿನ ಅಂಗಳದಲ್ಲಿ ಭತ್ತ ಒಣಗಿಸುವವಳು. ಮಗಳು ಡಿಗ್ರಿ ಮುಗಿಸಿ, ಕರಾವಳಿಗೆ ಹೋಗಿ ತರಬೇತಿ ಪಡೆದು, ಕೊರಳಲ್ಲಿ ಸೀಟಿ ಹಾಕಿಕೊಂಡು ಬಂದಿದ್ದಳು. ಹುದ್ದೆ ತಾತ್ಕಾಲಿಕ. ಆದರೆ ಆ ಮನೆತನದಲ್ಲಿ ಕುರ್ಚಿಯ ಮೇಲೆ ಕೂತು ಮಾಡುವ ಕೆಲಸ ಅದೇ ಮೊದಲು. ಮಲ್ಲಯ್ಯ ತನ್ನ ಪ್ರಾಯವನ್ನೆಲ್ಲ ಪರರ ಅಂಗಳದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತು ಕಳೆದವನು. ಈಗ ದಿನಾ ಸಂಜೆ ಯಾರನ್ನಾದರೂ ಕರೆದುಕೊಂಡು ಬಂದು ರಸ್ತೆಯ ಮೇಲೆ ನಿಂತು ತೋರಿಸುತ್ತಿದ್ದ.

"ನೋಡ್ರಿ, ನನ್ನ ಮಗಳು. ಅಕೀನ್ನ ನೋಡಬೇಕಂದ್ರ ಎಂಥಾ ಸಾವ್ಕಾರನೂ ಕುತ್ತಿಗಿ ಎತ್ತಬೇಕು."

ಸಮುದ್ರವಿಲ್ಲದ ಬೀಚಿನಲ್ಲಿ ಸೀಟಿ ಹಾಕಿಕೊಂಡು ಕೂತರೆ ನಾಚಿಕೆಯಾಗುವುದಿಲ್ಲವೇ? ಆಗುತ್ತಿತ್ತು. ಮೊದಮೊದಲು ಬಸ್ಸಿನವರು ಕಿಟಕಿಯಿಂದ ತಲೆ ಹಾಕಿ ನಗುವಾಗ ವಿಶಾಖಾಳಿಗೆ ಇಳಿದು ಓಡಿಹೋಗಬೇಕು ಎನಿಸುತ್ತಿತ್ತು. ಆದರೆ ರಸ್ತೆಯ ಮೇಲೆ ಅಪ್ಪ ಕತ್ತೆತ್ತಿ ನಿಂತದ್ದು ಕಂಡ ಕೂಡಲೇ ಬೆನ್ನು ನೆಟ್ಟಗಾಗುತ್ತಿತ್ತು. ಆ ಕುರ್ಚಿ ಹೋದರೆ ಅಪ್ಪನ ಕತ್ತು ಮತ್ತೆ ಬಗ್ಗುತ್ತದೆ ಎಂಬುದೊಂದೇ ಅವಳ ಹೆದರಿಕೆ.

ಜನ ಬರತೊಡಗಿದರು. ನಮ್ಮ ಕಡೆಯ ಜನಕ್ಕೆ ಮರಳು, ಗಾಳಿ, ಮಿರ್ಚಿ ಭಜಿ ಮೂರಿದ್ದರೆ ಸಾಕು, ನೀರು ಇದ್ದರೂ ಆಯಿತು ಬಿಟ್ಟರೂ ಆಯಿತು. ಮಿರ್ಚಿ ಭಜಿಯ ಉರುಕುಂದಪ್ಪ ಮೊದಲ ವಾರದಲ್ಲೇ ತನ್ನ ತಳ್ಳುಬಂಡಿಯನ್ನು ಬಾವುಟದ ಪಕ್ಕಕ್ಕೆ ತಂದು ನಿಲ್ಲಿಸಿದ. ಗುಲ್ಶನ್ ಬೇಗಂ ಎಂಬ ಹಿರಿಯ ಹೆಂಗಸು, ಮೊಣಕಾಲು ನೋವಿಗೆ ಮರಳಲ್ಲಿ ನಡೆಯುವುದು ಒಳ್ಳೆಯದೆಂದು ಡಾಕ್ಟರು ಹೇಳಿದ್ದಾರೆಂದು, ದಿನಾ ಸಂಜೆ ಸೊಸೆಯ ಮೇಲೆ ಮನೆ ಬಿಟ್ಟು ಬರತೊಡಗಿದಳು. ಸೊಸೆಗೂ ಅದರಿಂದ ಆರಾಮವಾಯಿತಂತೆ.

ಗುಂಜಹಳ್ಳಿಯ ರೈತರೊಬ್ಬರು ಬೀಚು ನೋಡಲೆಂದೇ ಬಂದು, ಮರಳಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕುರ್ಚಿಯ ಕೆಳಗೆ ನಿಂತು ಗಂಭೀರವಾಗಿ ಕೇಳಿದರು.

"ಸಮುದ್ರದ ನೀರು ಯಾವಾಗ ಬಿಡ್ತಾರ್ರಿ? ಮುಂಗಾರಿಗೋ ಹಿಂಗಾರಿಗೋ?"

"ಅದು ಬಿಡೋ ನೀರಲ್ರೀ," ಎಂದಳು ವಿಶಾಖಾ. "ಅದು ಅಲ್ಲೇ ಇರ್ತದ."

"ಅಲ್ಲೇ ಇರ್ತದಂದ್ರ? ಪಾಳಿ ಇಲ್ಲೇನು?" ರೈತರಿಗೆ ಸಿಟ್ಟೇ ಬಂತು. "ತಿಳೀತು ಬಿಡವ್ವಾ. ಮ್ಯಾಲಿನವ್ರು ಮೋಟರ್ ಹಚ್ಚಿ ಎಳಕೋತಾರ. ಕಾಲುವಿ ಕೊನೀ ಭಾಗದ ನಮಗ ಯಾವ ಕಾಲಕ್ಕ ಮುಟ್ಟೇದ ಹೇಳು."

ಅವರು ಹೋಗಿ ನಾಲ್ಕು ಜನಕ್ಕೆ ಹೇಳಿರಬೇಕು. ಮರುವಾರ ಒಂದು ಗುಂಪು ಬಂದು, ಕರಾವಳಿಯವರು ಕೊನೆ ಭಾಗದ ರೈತರ ಸಮುದ್ರವನ್ನು ತಡೆಹಿಡಿದಿದ್ದಾರೆಂದು ಘೋಷಣೆ ಕೂಗಿ, ಭಜಿ ತಿಂದು ಹೋಯಿತು.

ಇಂಥವರಿಗೆ ವಿಶಾಖಾ ಬೀಚಿನ ಸುರಕ್ಷತೆ ಕಲಿಸಬೇಕಿತ್ತು. ಅವಳೂ ಹಟಮಾರಿ. ಅವ್ವನಿಗೆ ಹೇಳಿ ಮಿಲ್ಲಿನಿಂದ ನೀಲಿ ತಾಡಪತ್ರಿ ತರಿಸಿದಳು. ಅದನ್ನು ಮರಳಿನ ಮೇಲೆ ಹಾಸಿ, ಎರಡೂ ಕಡೆ ಜನ ಹಿಡಿದು ಜಾಡಿಸಿದರೆ ಅದೇ ತೆರೆ. ಒಬ್ಬರು ಅದರ ನಡುವೆ ನಿಂತು ಮುಳುಗಬೇಕು. ಮುಳುಗುವವರು ಕೈಕಾಲು ಬಡಿಯಬಾರದು, ಬೆನ್ನಿನ ಮೇಲೆ ತೇಲಿ ಒಂದು ಕೈ ಎತ್ತಬೇಕು. ನೀರು ಒಳಗೆ ಎಳೆದರೆ ದಂಡೆಗೆ ನೇರ ಬರಲು ಗುದ್ದಾಡಬಾರದು, ನೀರಿನ ಜೊತೆ ಅಡ್ಡಕ್ಕೆ ಹೋಗಬೇಕು. ದಂಡೆಯ ಮೇಲಿದ್ದವರಿಗೆ ಅವಳು ದಿನಾ ಒಂದೇ ಮಾತು ಹೇಳಿಸುತ್ತಿದ್ದಳು: ಹಾರಬ್ಯಾಡ್ರಿ, ಕೂಗ್ರಿ, ತೇಲೋದು ಏನರ ಕಟ್ಟಿ ಒಗೀರಿ, ನೆಲಕ್ಕ ಮಲ್ಕೊಂಡು ಎಳೀರಿ. ಗುಲ್ಶನ್ ಬೇಗಂ ಇದನ್ನು ತಸ್ಬಿಯ ಮಣಿ ಎಣಿಸಿದ ಹಾಗೆ ನಡೆಯುತ್ತಲೇ ಗುನುಗುತ್ತಿದ್ದಳು. ಕೈ ಎತ್ತುವ ಪಾಠದಿಂದ ಮಾತ್ರ ಸ್ವಲ್ಪ ಗೋಜಲಾಯಿತು. ಯಾರು ಕೈ ಎತ್ತಿದರೂ ಉರುಕುಂದಪ್ಪ ಒಂದು ಪ್ಲೇಟು ಭಜಿ ತಂದು ಇಟ್ಟುಬಿಡುತ್ತಿದ್ದ.

ಎಲ್ಲರೂ ಕಲಿತರು, ಪರಮಣ್ಣನೊಬ್ಬ ಕಲಿಯಲಿಲ್ಲ.

ಪರಮಣ್ಣ ಯಾಪಲದಿನ್ನಿಯ ವಯಸ್ಸಾದ ಕುರಿಗಾರ. ಹೆಗಲ ಮೇಲೆ ಕಂಬಳಿ, ತಲೆಗೆ ದೊಡ್ಡ ಬಿಳಿ ರುಮಾಲು. ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ಈ ಕಡೆ ಬಂದವನು, ಏರಿಯ ಮೇಲೆ ಕುರಿ ಬಿಟ್ಟು ತಾಲೀಮಿಗೆ ಬಂದು ನಿಲ್ಲುತ್ತಿದ್ದ. ತಾಡಪತ್ರಿಯ ನಡುವೆ ಯಾರಾದರೂ ಕೈ ಎತ್ತಿದರೋ ಇಲ್ಲವೋ, ಕಂಬಳಿ ಬೀಸಿ ಒಗೆದು "ಬಂದೆ" ಎನ್ನುತ್ತ ಓಡಿಬಂದು ಮರಳಿನ ಮೇಲೆ ಧೊಪ್ಪೆಂದು ಹಾರುತ್ತಿದ್ದ. ವಿಶಾಖಾ ಸೀಟಿ ಊದುತ್ತಿದ್ದಳು.

"ಯಪ್ಪಾ, ನೀ ಸತ್ತಿ. ಆ ಕಡಿ ಹೋಗಿ ಕುಂದ್ರು."

ಸತ್ತವರು ಕೂರಲೆಂದು ಅವಳು ಒಂದು ಚಾಪೆ ಹಾಸಿದ್ದಳು. ಆ ಚಾಪೆಯ ಮೇಲೆ ದಿನಾ ಪರಮಣ್ಣನೊಬ್ಬನೇ ಕೂತು, ಮೊಣಕೈಯ ಮರಳು ಜಾಡಿಸಿಕೊಳ್ಳುತ್ತ ಭಜಿ ತಿನ್ನುತ್ತಿದ್ದ. ಎಷ್ಟು ಸಲ ಸತ್ತರೂ ಮರುದಿನ ಮತ್ತೆ ಹಾರುತ್ತಿದ್ದ.

ಒಂದು ಸಂಜೆ ಅವಳು ಚಾಪೆಯ ಪಕ್ಕ ಹೋಗಿ ಕೂತಳು. "ಯಾಕ ಹಾರ್ತಿ ಯಪ್ಪಾ? ದಿನಾ ಹೇಳಾಕತ್ತೀನಿ."

"ನಮ್ಮ ಮನಿತನದಾಗ ಹಾರ್ದವ್ರು ಅದಾರ, ನಿಂತವ್ರಿಲ್ಲ," ಎಂದ ಪರಮಣ್ಣ.

ಅವನೇ ಹೇಳಿದ. ಹಿಂದೆ ಯಾಪಲದಿನ್ನಿಯ ತೋಟದ ಬಾವಿಗೆ ಅವನ ಅಣ್ಣನ ಮಗಳು ಬಿದ್ದಳು. ಅಣ್ಣ ಹಾರಿದ. ಅಣ್ಣ ಮೇಲೆ ಬರಲಿಲ್ಲವೆಂದು ಕಾಕನ ಮಗ ಹಾರಿದ. ಅವನ ಹಿಂದೆ ಅವನ ಭಾವಮೈದುನ ಹಾರಿದ. ಮೂವರೂ ಈಜು ಬಲ್ಲವರೇ. ಒಬ್ಬರನ್ನೊಬ್ಬರು ತಬ್ಬಿಕೊಂಡಂತೆ ಸಿಕ್ಕರು. ಊರಿನವರು ಬೇವಿನ ಮರದ ಕೆಳಗೆ ಅವರ ಹೆಸರಿಗೆ ಕಟ್ಟೆ ಕಟ್ಟಿಸಿದರು. ಅಮಾವಾಸ್ಯೆಗೊಮ್ಮೆ ಪರಮಣ್ಣನೇ ಎಡೆ ಒಯ್ಯುತ್ತಾನೆ.

"ಮತ್ತ ಆ ಹುಡುಗಿ?"

"ಅಕಿ ಉಳದ್ಲು. ಅಕೀನ್ನ ಯಾರೂ ಎತ್ತಲಿಲ್ಲ. ಮೋಟರಿನ ಪೈಪ್ ಹಿಡ್ಕೊಂಡು ಕುಂತಿದ್ಲಂತ. ಈಗ ಅಕೀಗೆ ಮೊಮ್ಮಕ್ಕಳದಾರ."

ಪರಮಣ್ಣ ಪ್ಲೇಟಿನಲ್ಲಿ ಉಳಿದಿದ್ದ ಮೆಣಸಿನಕಾಯಿ ತೊಟ್ಟನ್ನು ಬೆರಳಿನಿಂದ ಅತ್ತಿತ್ತ ಸರಿಸಿದ.

"ನಾ ಆವತ್ತು ಕುರಿ ಹಿಂದ ಹೋಗಿದ್ದೆ. ಬರೂದ್ರಾಗ ಎಲ್ಲಾ ಮುಗದಿತ್ತು. ಯಾರೂ ನನಗ ಒಂದು ಮಾತು ಅಂದಿಲ್ಲವ್ವಾ. ಆದ್ರ ಕಟ್ಟಿ ಮುಂದ ಹೋಗುವಾಗ ಮಂದಿ ನನ್ನ ಮುಖಾ ನೋಡ್ತಾರ. ನನ್ನ ಪಾಳಿ ಇನ್ನ ಬಂದಿಲ್ಲ."

ಸಾಯುವುದಕ್ಕೂ ಪಾಳಿ ಹಚ್ಚಿ ನಿಂತ ಮನುಷ್ಯನಿಗೆ ಯಾವ ಸೀಟಿ ಊದುವುದು. ವಿಶಾಖಾಳಿಗೆ ಅಳು ಬಂತು, ಸಿಟ್ಟೂ ಬಂತು. ಮರುದಿನವೂ ಅವನು ಹಾರಿದ, ಅವಳು ಮರುದಿನವೂ ಚಾಪೆ ತೋರಿಸಿದಳು.

ಮಳೆ ಶುರುವಾಗಿ ಕಾಲುವೆಗೆ ನೀರು ಬಿಟ್ಟರು. ಅದರ ಹಿಂದೆಯೇ ನೇತ್ರಾವತಿ ಮೇಡಂ ಅವರ ಫೋನು ಬಂತು. ರಾಜ್ಯದ ಎಲ್ಲ ಬೀಚುಗಳ ಪರಿಶೀಲನೆ ನಡೆದಿದೆ. ರಕ್ಷಕರು ಈವರೆಗೆ ಒಬ್ಬರನ್ನಾದರೂ ಉಳಿಸಿದ್ದರೆ ಹುದ್ದೆ ಕಾಯಂ. ಇಲ್ಲವಾದರೆ ಕುರ್ಚಿ, ಬಾವುಟ ಎಲ್ಲ ವಾಪಸು.

"ಇಲ್ಲಿ ಯಾರು ಮುಳುಗ್ತಾರ್ರೀ ಮೇಡಂ?" ಎಂದಳು ವಿಶಾಖಾ.

"ಅದು ನನಗೂ ಗೊತ್ತದವಾ. ಆದ್ರ ಹಂಗಂತ ಬರೀಲಿಕ್ಕೆ ಅವ್ರು ಜಾಗಾನ ಕೊಟ್ಟಿಲ್ಲ. ಮಂಗಳವಾರ ನಾನ ಬರ್ತೀನಿ. ಬರುವಾಗ ಟಂಟಂ ತಗೊಂಡ ಬರ್ತೀನಿ, ಕುರ್ಚಿ ಒಯ್ಯೂದು ಬಂದ್ರ ಬೇಕಾಗ್ತದ."

ಸುದ್ದಿ ಕೇಳಿ ಬೀಚಿನ ಜನಕ್ಕೆ ಮನಸ್ಸು ತಡೆಯಲಿಲ್ಲ. ಮಾನ್ವಿಯವರು ಇನ್ನೊಬ್ಬರ ಕಷ್ಟಕ್ಕೆ ಆಗುವವರು. ಒಬ್ಬೊಬ್ಬರೇ ಬಂದು, ನಿನಗಾಗಿ ಮುಳುಗುತ್ತೇವೆ ಎಂದರು. ಗುಲ್ಶನ್ ಬೇಗಂ ಸಿದ್ಧಳಿದ್ದಳು, ಆದರೆ ಅವಳನ್ನು ಎತ್ತುವವರು ಹೆಂಗಸರೇ ಆಗಿರಬೇಕು, ಮೊಣಕಾಲು ಹಿಡಿದು ಎಳೆಯಬಾರದು. ಮಲ್ಲಯ್ಯನ ಜೊತೆಯ ಹಮಾಲರು, ಒಬ್ಬರೇಕೆ, ತಂಡಕ್ಕೆ ತಂಡವೇ ಮುಳುಗುತ್ತೇವೆ ಎಂದರು. ಉರುಕುಂದಪ್ಪ ಮಧ್ಯಾಹ್ನ ವ್ಯಾಪಾರ ಕಡಿಮೆ ಇರುವಾಗ ಎಷ್ಟು ಬೇಕಾದರೂ ಮುಳುಗಲು ತಯಾರಿದ್ದ.

"ಯಾರೂ ಬ್ಯಾಡ್ರಿ," ಎಂದಳು ವಿಶಾಖಾ. "ಮುಳುಗದವ್ರನ್ನ ಉಳಿಸೀನಿ ಅಂತ ನಾ ಹೇಳಂಗಿಲ್ಲ. ಸುಳ್ಳು ಹೇಳಿ ಆ ಕುರ್ಚಿ ಮ್ಯಾಲ ಕುಂದ್ರಾಕ ನನಗ ಆಗಂಗಿಲ್ಲ."

ಮಲ್ಲಯ್ಯ ಮಗಳ ಮುಖ ನೋಡಿದ, ಕುರ್ಚಿಯ ಮುಖ ನೋಡಿದ. ಉರುಕುಂದಪ್ಪ ಮಾತ್ರ ಹೂಂ ಹೂಂ ಎಂದು ತಲೆಯಾಡಿಸಿದ. ಅವನು ಹಾಗೆ ತಲೆಯಾಡಿಸಿದನೆಂದರೆ ಮನಸ್ಸಿನಲ್ಲಿ ಬೇರೆಯದೇ ಬೇಯುತ್ತಿದೆ ಎಂದು ಊರಿಗೆಲ್ಲ ಗೊತ್ತು, ಪಾಪ ವಿಶಾಖಾಳಿಗೆ ಗೊತ್ತಿರಲಿಲ್ಲ.

ಮಂಗಳವಾರ ಮಲ್ಲಯ್ಯ ಬೆಳಿಗ್ಗೆಯೇ ಬಂದು ಕುರ್ಚಿ ಒರೆಸಿದ, ಚೆಂಡುಹೂವಿನ ಮಾಲೆ ಹಾಕಿದ. ನೀರಿನಲ್ಲಿ ತೇಲುವ ಕೆಂಪು ಟ್ಯೂಬಿಗೆ ಹೊಸದರಲ್ಲಿ ಬಂದ ಪ್ಲಾಸ್ಟಿಕ್ ಚೀಲವನ್ನೇ ಮತ್ತೆ ತೊಡಿಸಿ, ಅದು ಬೀಳಬಾರದೆಂದು ಕುರ್ಚಿಯ ಕಾಲಿಗೆ ಹಮಾಲರ ಗಂಟು ಹಾಕಿ ಬಿಗಿದ. ಲಾರಿ ರಾಯಚೂರು ದಾಟಿ ಹೈದರಾಬಾದಿಗೆ ಹೋದರೂ ಬಿಚ್ಚದ ಗಂಟು ಅದು. ವೆಂಕಮ್ಮ ಮಿಲ್ಲಿಗೆ ರಜೆ ಹಾಕಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು.

ಸಂಜೆಯ ಹೊತ್ತಿಗೆ ನೇತ್ರಾವತಿ ಮೇಡಂ ಜೀಪಿನಲ್ಲಿ ಬಂದರು, ಹಿಂದೆ ಸಾಮಾನು ಸಾಗಿಸುವ ಖಾಲಿ ಟಂಟಂ ಆಟೋ ಬಂತು. ಮೇಡಂ ಬಾವುಟ ನೋಡಿದರು, ಬೋರ್ಡು ನೋಡಿದರು. ಕುರ್ಚಿಯಿಂದ ಸಮುದ್ರ ಸರಿಯಾಗಿ ಕಾಣುತ್ತದೆಯೇ ಎಂದು ಪರೀಕ್ಷಿಸುವುದು ಅವರ ಕೆಲಸದಲ್ಲಿ ಸೇರಿತ್ತಾದ್ದರಿಂದ ಏಣಿ ಹತ್ತಿ ಕೂತರು. ಹತ್ತಿದ ಮೇಲೆ ಕೆಳಗೆ ನೋಡಿದರು. ಅಲ್ಲಿಂದ ಮುಂದೆ ಅವರ ಎರಡೂ ಕೈ ಕುರ್ಚಿಯ ತೋಳು ಬಿಡಲಿಲ್ಲ.

"ಕಾಣ್ತದೇನ್ರಿ ಮೇಡಂ?" ಎಂದು ಮಲ್ಲಯ್ಯ ಕೆಳಗಿನಿಂದ ಕೇಳಿದ.

"ಕಾಣ್ಸಂಗಿಲ್ಲ," ಎಂದರು ಮೇಡಂ ಪಶ್ಚಿಮಕ್ಕೆ ನೋಡುತ್ತ. "ಆದ್ರ ಮುಖ ಆ ಕಡೀನ ಅದ. ಅಷ್ಟ ಸಾಕು."

ಆಗಲೇ ಏರಿಯ ಆಚೆಯಿಂದ ಉರುಕುಂದಪ್ಪನ ದನಿ ಬಂತು. "ಸತ್ನೆಪ್ಪೋ, ಯಾರರ ಬರ್ರಿ."

ವಿಶಾಖಾ ಏರಿ ಹತ್ತಿ ಓಡಿದಳು. ಕಾಲುವೆ ತುಂಬಿ ಹರಿಯುತ್ತಿತ್ತು. ಕೆಂಪು ನೀರಿನ ಮೇಲೆ ಉರುಕುಂದಪ್ಪನ ತಲೆಯೊಂದೇ ಕಾಣುತ್ತಿತ್ತು. ಟ್ಯೂಬು ಕುರ್ಚಿಯ ಕಾಲಿಗಿತ್ತು, ಅಪ್ಪನ ಗಂಟಿನಲ್ಲಿ. ಅವಳು ಒಂದು ಗಳಿಗೆ ನಿಂತಿದ್ದರೆ ಗೊತ್ತಾಗುತ್ತಿತ್ತು, ಅವನು ಕೂತಿದ್ದದ್ದು ಬಟ್ಟೆ ಒಗೆಯುವ ಮೆಟ್ಟಿಲಿನ ಮೇಲೆ, ಮೆಟ್ಟಿಲಿಗೆ ಹಾಕಿದ್ದ ಕಬ್ಬಿಣದ ಬಳೆ ಕೈಯಲ್ಲಿ ಹಿಡಿದು. ನಿಲ್ಲಲಿಲ್ಲ. ತಿಂಗಳುಗಟ್ಟಲೆ ಊರಿಗೆಲ್ಲ ಹೇಳಿದ ಮಾತು ಅವಳ ಬಾಯಲ್ಲೇ ಉಳಿಯಿತು, ಕಾಲು ಹಾರಿಬಿಟ್ಟಿತು. ಅವಳೂ ಇದೇ ನೆಲದ ಮಗಳಲ್ಲವೇ.

ನಡುನೀರಿನಲ್ಲಿ ಬಿದ್ದ ಕೂಡಲೇ ಸೆಳವು ಹಿಡಿಯಿತು. ಉರುಕುಂದಪ್ಪ ಮೆಟ್ಟಿಲ ಮೇಲೆ ಎದ್ದು ನಿಂತು, ಸೊಂಟದ ಮಟ್ಟದ ನೀರಿನಲ್ಲಿ ಬಾಯಿ ಬಿಟ್ಟುಕೊಂಡು ಅವಳು ತೇಲಿ ಹೋಗುವುದನ್ನು ನೋಡಿದ. "ತಂಗಿ, ನಾ ಇಲ್ಲೇ ಅದೀನಿ," ಎಂದ.

ಅವಳು ದಂಡೆಗೆ ನೇರ ಕೈ ಬೀಸಿದಳು. ಸಿಮೆಂಟಿನ ಇಳಿಜಾರಿನಲ್ಲಿ ಪಾಚಿ ಕಟ್ಟಿತ್ತು, ಹಿಡಿಯಲು ಏನೂ ಇರಲಿಲ್ಲ. ಮುಟ್ಟಿದಳು, ಜಾರಿದಳು. ಮತ್ತೆ ಮುಟ್ಟಿದಳು, ಮತ್ತೆ ಜಾರಿದಳು. ಉಗುರು ಕಿತ್ತು ಬಂತು. ಮುಂದೆ ಸೇತುವೆ, ಸೇತುವೆಯ ಕೆಳಗೆ ತೂಬಿನ ಬಾಯಿ ಗುಡುಗುತ್ತಿತ್ತು. ಕೈ ಸೋತು ಹೋದ ಮೇಲೆ ತನ್ನದೇ ಪಾಠ ನೆನಪಾಯಿತು. ಗುದ್ದಾಡುವುದು ಬಿಟ್ಟು ಬೆನ್ನಿನ ಮೇಲೆ ತಿರುಗಿ ಒಂದು ಕೈ ಎತ್ತಿದಳು.

ಆಗ ಏರಿಯ ಮೇಲೆ ಓಡಿಬರುತ್ತಿದ್ದ ಪರಮಣ್ಣ ಕಂಡ. ಕಂಬಳಿ ಒಗೆದದ್ದು ಕಂಡಿತು. ಆ ಓಟ ಅವಳಿಗೆ ಚೆನ್ನಾಗಿ ಗೊತ್ತಿತ್ತು, ದಿನಾ ನೋಡಿದ್ದಳು. ಈ ನೀರಿಗೆ ಈ ವಯಸ್ಸಿನವನು ಹಾರಿದರೆ ಇಬ್ಬರ ಹೆಣವೂ ತೂಬಿನಲ್ಲೇ. ಬೇಡ ಎಂದು ಕೂಗಲು ಬಾಯಿ ತೆರೆದಳು, ಬಾಯಿ ತುಂಬ ನೀರು ಬಂತು. ಸೀಟಿ ಎಲ್ಲೋ ಹೋಗಿತ್ತು.

ಪರಮಣ್ಣ ಅಂಚಿನಲ್ಲಿ ಬಂದು ನಿಂತ.

ನಿಂತೇ ಬಿಟ್ಟ. ಬಾಗಿದ ಮೈ, ಮುಂದೆ ಚಾಚಿದ ಕೈ, ನೆಲಕ್ಕೆ ನೆಟ್ಟ ಕಾಲು. ಬಯ್ಯುತ್ತಿದ್ದ. ಅವಳನ್ನು ಬಯ್ಯುತ್ತಿದ್ದನೋ, ನೀರನ್ನೋ, ತನ್ನ ಕಾಲನ್ನೋ ತಿಳಿಯಲಿಲ್ಲ. ಬಯ್ಯುತ್ತಲೇ ಅಳುತ್ತಿದ್ದ. ಆಮೇಲೆ ಎರಡೂ ಕೈ ಮೇಲೆತ್ತಿ ತಲೆಯ ರುಮಾಲು ಬಿಚ್ಚಿದ. ಅವನ ಕಡೆಯಲ್ಲಿ ಗಂಡಸು ನಾಲ್ಕು ಜನರ ಮುಂದೆ ರುಮಾಲು ತೆಗೆಯುವುದು ಮನೆಯಲ್ಲಿ ಸಾವಾದಾಗ ಮಾತ್ರ. ಸುತ್ತು ಬಿಚ್ಚಿದಷ್ಟೂ ಬರುತ್ತಲೇ ಇತ್ತು.

"ಡಬ್ಬಿ ತರ್ರಿ," ಎಂದು ಗುಲ್ಶನ್ ಬೇಗಂ ಕೂಗಿದಳು. "ಹಾರಬ್ಯಾಡ್ರಿ, ಒಗೀರಿ, ಮಲ್ಕೊಂಡು ಎಳೀರಿ. ಎಲ್ಲಾ ಮರ್ತ್ರೇನು?"

ಯಾರೂ ಮರೆತಿರಲಿಲ್ಲ. ಭಜಿ ಬಂಡಿಯ ಖಾಲಿ ಎಣ್ಣೆ ಕ್ಯಾನು ಬಂತು, ಅದರ ಹಿಡಿಕೆಗೆ ರುಮಾಲಿನ ತುದಿ ಕಟ್ಟಿದರು. ಮೊದಲ ಸಲ ಒಗೆದದ್ದು ಹಿಂದೆ ಬಿತ್ತು. ಪರಮಣ್ಣ ಮುಂದಕ್ಕೆ ಓಡಿ, ಕುರಿ ತಿರುವುವ ಕಲ್ಲು ಒಗೆದ ಹಾಗೆ ತೋಳು ಬೀಸಿ ಮತ್ತೆ ಒಗೆದ. ಕ್ಯಾನು ಅವಳ ಎದೆಯ ಹತ್ತಿರ ಬಿತ್ತು. ಅವಳು ತಬ್ಬಿಕೊಂಡಳು. ಪರಮಣ್ಣ ನೆಲಕ್ಕೆ ಬೋರಲು ಬಿದ್ದ, ಅವನ ಕಾಲನ್ನು ಮಲ್ಲಯ್ಯ ಹಿಡಿದ, ಮಲ್ಲಯ್ಯನ ಕಾಲನ್ನು ವೆಂಕಮ್ಮ ಹಿಡಿದಳು, ವೆಂಕಮ್ಮನ ಸೀರೆಯ ಸೆರಗು ಹಿಡಿದು ಗುಲ್ಶನ್ ಬೇಗಂ ನೆಲದ ಮೇಲೆ ಕೂತೇ ಬಿಟ್ಟಳು. ಚೀಲ ಹೊತ್ತ ಭುಜಗಳು ಅಷ್ಟಿದ್ದವು, ಎಳೆದರು. ಸೇತುವೆ ಇನ್ನೂ ಸ್ವಲ್ಪ ಮುಂದಿತ್ತು.

ಮೇಲೆ ಬಂದ ಮಗಳಿಗೆ ವೆಂಕಮ್ಮ ಮೊದಲು ಕೆನ್ನೆಗೊಂದು ಬಿಗಿದಳು, ಆಮೇಲೆ ಅಪ್ಪಿಕೊಂಡು ಅತ್ತಳು. ಉರುಕುಂದಪ್ಪ ತೊಯ್ದ ಲುಂಗಿಯಲ್ಲಿ ಓಡಿಬಂದವನು ಮಾತ್ರ ಬುದ್ಧಿ ಕಳೆದುಕೊಂಡಿರಲಿಲ್ಲ.

"ಇಲ್ಲಿ ಬ್ಯಾಡ್ರಿ, ಇದು ಬ್ಯಾರೆ ಇಲಾಖೆದ್ದು. ಬೀಚಿಗೆ ಎತ್ಕೊಂಡ ನಡೀರಿ."

ನಾಲ್ಕು ಜನ ಅವಳನ್ನು ಎತ್ತಿ, ಏರಿ ಇಳಿಸಿ, ಎರಡು ಬಾವುಟಗಳ ನಡುವೆ ಅಳತೆ ನೋಡಿ ಮಲಗಿಸಿದರು. ಅವಳ ಬಟ್ಟೆಯಿಂದ ನೀರು ಇಳಿಯಿತು. ಆ ಮರಳು ತೊಯ್ದದ್ದನ್ನು ನೋಡಿ, ಅಂತೂ ನೀರು ಬಂತು ನೋಡು ಎಂದು ಯಾರೋ ಅಂದರು.

ನೇತ್ರಾವತಿ ಮೇಡಂ ಕುರ್ಚಿಯ ಮೇಲೆ ಹಾಗೆಯೇ ಕೂತಿದ್ದರು, ಮುಖ ಪಶ್ಚಿಮಕ್ಕೆ. ಹಿಂದೆ ತಿರುಗಿದರೆ ಎಲ್ಲಿ ಬಿದ್ದೇನೋ ಎಂದು ಅವರು ತಿರುಗಿಯೇ ಇರಲಿಲ್ಲ.

"ಏನಾತು?" ಎಂದರು. "ಯಾರನ್ನರ ಉಳಿಸಿದಿ ಏನವಾ?"

"ಉಳಿಸಿದ್ಲ್ರಿ," ಎಂದ ಉರುಕುಂದಪ್ಪ, ಎದೆ ಮುಂದೆ ಮಾಡಿ. "ನನ್ನ. ನೋಡ್ರಿ, ಇನ್ನ ನೀರು ಇಳ್ಯಾಕತ್ತದ."

ವಿಶಾಖಾ ಎದ್ದು ಕೂತಳು. ಅಪ್ಪ ಅವಳನ್ನೇ ನೋಡುತ್ತಿದ್ದ. ಸುಳ್ಳು ಹೇಳೆಂದು ಅವನ ಕಣ್ಣು ಕೇಳುತ್ತಿರಲಿಲ್ಲ, ಬೇಡವೆಂದೂ ಹೇಳುತ್ತಿರಲಿಲ್ಲ.

"ಇಲ್ರೀ ಮೇಡಂ. ಇಂವ ಮೆಟ್ಟಲಾ ಮ್ಯಾಲ ಕುಂತಿದ್ದ. ಮುಳುಗಿದಾಕಿ ನಾನ. ನನ್ನ ಇವ್ರೆಲ್ಲಾ ಕೂಡಿ ಎಳದ್ರು."

ಮೇಡಂ ಟಂಟಂನವನಿಗೆ, ಕುರ್ಚಿ ಕಟ್ಟಲು ಹಗ್ಗ ತೆಗೆ ಎಂದರು. ಮಲ್ಲಯ್ಯ ಬಗ್ಗಿ, ತಾನೇ ಹಾಕಿದ ಗಂಟನ್ನು ತಾನೇ ಬಿಚ್ಚಲು ಕೂತ. ಕತ್ತು ಬಗ್ಗಿತ್ತು. ಅದನ್ನು ವಿಶಾಖಾ ನೋಡಲಾರದೆ ಈ ಕಡೆ ತಿರುಗಿದಳು.

ಈ ಕಡೆ ಪರಮಣ್ಣ ನಿಂತಿದ್ದ. ಬರಿದಾದ ತಲೆ ಬಿಳಿಚಿಕೊಂಡು ಕಾಣುತ್ತಿತ್ತು, ಯಾರೋ ಬೇರೆಯವನೇ ಎನಿಸುವ ಹಾಗೆ.

"ನಾ ಹಾರ್ಲಿಲ್ಲ ಯವ್ವಾ," ಎಂದ ಮೆಲ್ಲಗೆ. "ನೀ ಹೊಂಟಿದ್ದಿ, ನಾ ನೋಡ್ಕೋತ ನಿಂತೆ. ನಮ್ಮ ಮನಿತನದಾಗ ನಿಂತವ ನಾ ಒಬ್ಬನ. ನೀ ದಿನಾ ಸತ್ತಿ ಸತ್ತಿ ಅಂತಿದ್ದಿ. ಅದ ಕಿವ್ಯಾಗ ಬಂತು. ಕಾಲು ಏಳ್ಲಿಲ್ಲ."

ವಿಶಾಖಾ ಎದ್ದು ಹೋಗಿ ಅವನ ಕೈ ಹಿಡಿದುಕೊಂಡಳು. ಹಿಡಿದುಕೊಂಡೇ ಕುರ್ಚಿಯ ಮುಂದೆ ತಂದು ನಿಲ್ಲಿಸಿದಳು.

"ಇವರನ್ರೀ ಮೇಡಂ. ನಾ ಉಳಿಸಿದ್ದು ಇವರನ್ನ."

ಮೇಡಂ ಮತ್ತೊಮ್ಮೆ ಧೈರ್ಯ ಮಾಡಿ ಕೆಳಗೆ ನೋಡಿದರು. ಪರಮಣ್ಣನನ್ನು ತಲೆಯಿಂದ ಕಾಲಿನವರೆಗೆ ನೋಡಿದರು.

"ಇವ್ರ ಬಟ್ಟಿ ಒಣಗೇ ಅದಾವಲ್ಲವಾ. ಮೈಮ್ಯಾಲ ಒಂದು ಹನಿ ನೀರಿಲ್ಲ."

"ಹೌದ್ರಿ," ಎಂದಳು ವಿಶಾಖಾ. "ಅದಕ್ಕ ಹೇಳಾಕತ್ತೀನಿ."

ಮಲ್ಲಯ್ಯನ ಕೈ ಗಂಟಿನ ಮೇಲೆ ನಿಂತಿತು. ನೇತ್ರಾವತಿ ಮೇಡಂ ಮತ್ತೆ ಪಶ್ಚಿಮಕ್ಕೆ ಮುಖ ತಿರುಗಿಸಿ, ಕಾಣದ ಸಮುದ್ರವನ್ನು ಸ್ವಲ್ಪ ಹೊತ್ತು ನೋಡಿದರು.

"ಕಾಲುವಿಯಾಗ ಏನಾತು ನನಗ ಗೊತ್ತಿಲ್ಲ, ಅದು ಬ್ಯಾರೆ ಇಲಾಖೆದ್ದು," ಎಂದರು ಕೊನೆಗೆ. "ಈ ಒಣಗಿದ ಮನಷ್ಯಾ ನಿಂತಿರೋದು ಮರಳಿನ ಮ್ಯಾಲ. ಮರಳು ನಮ್ದು. ಒಬ್ಬರು ಉಳದಾರ ಅಂತ ಬರೀತೀನಿ. ಈಗ ಯಾರರ ನನ್ನ ಕೆಳಗ ಇಳಸ್ರಿ."

ಅವರನ್ನು ಇಳಿಸುವುದೇ ಆವತ್ತಿನ ದೊಡ್ಡ ಕೆಲಸವಾಯಿತು. ವಿಶಾಖಾ ಏಣಿ ಹತ್ತಿ, ಕೆಳಗೆ ನೋಡಬ್ಯಾಡ್ರಿ ಎಂದು ಒಂದೊಂದೇ ಕಾಲು ಹಿಡಿದು ಇಳಿಸಿದಳು. ಟಂಟಂ ಖಾಲಿ ಹೋಯಿತು.

ಮೇಡಂ ಅವರ ಜೀಪು ಮರೆಯಾದ ಮೇಲೆ ಹಮಾಲರೆಲ್ಲ ಸೇರಿ ಕುರ್ಚಿ ಎತ್ತಿ, ಏರಿಯ ಮೇಲಕ್ಕೆ ಒಯ್ದು, ಕಾಲುವೆಯ ಕಡೆ ಮುಖ ಮಾಡಿ ನಿಲ್ಲಿಸಿದರು. ಕೆಂಪು ಟ್ಯೂಬಿನ ಪ್ಲಾಸ್ಟಿಕ್ ಚೀಲವನ್ನು ಮಲ್ಲಯ್ಯನೇ ಹರಿದು ಹಾಕಿದ. ರುಮಾಲನ್ನು ಗುಲ್ಶನ್ ಬೇಗಂ ಹಿಂಡಿ ಕೊಟ್ಟಳು, ಒಣಗುವವರೆಗೂ ಕಾಯದೆ ಪರಮಣ್ಣ ಒದ್ದೆಯದನ್ನೇ ತಲೆಗೆ ಸುತ್ತಿಕೊಂಡು ಕುರಿಗಳ ಕಡೆ ಹೋದ. ಆ ಅಮಾವಾಸ್ಯೆಗೂ ಅವನು ಯಾಪಲದಿನ್ನಿಯ ಕಟ್ಟೆಗೆ ಎಡೆ ಒಯ್ದನಂತೆ, ಮಂದಿ ಮುಖ ನೋಡಿದರಂತೆ, ಅವನೂ ತಿರುಗಿ ಅವರ ಮುಖ ನೋಡಿದನಂತೆ.

ಆ ಸಂಜೆ ಮಲ್ಲಯ್ಯ ಏಣಿ ಹಿಡಿದು ನಿಂತ. "ಹತ್ತವ್ವಾ," ಎಂದ. ವಿಶಾಖಾ ಒದ್ದೆ ಬಟ್ಟೆಯಲ್ಲೇ ಹತ್ತಿ ಕೂತಳು. ಅಪ್ಪ ಕತ್ತೆತ್ತಿ ನೋಡಿದ.